ಪ್ಲೇಟು ಒಂದು ಮನೆ, ಕವರು ಒಂದು ಮನೆ

"ಈಗ ತಂದ್ಯೇನಪ್ಪಾ?"

ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಸೇತುರಾಮ ಒಂದು ಕಾಲು ಹೊಸ್ತಿಲ ಆಚೆ, ಒಂದು ಕಾಲು ಈಚೆ ಇಟ್ಟು ಹಾಗೇ ನಿಂತುಬಿಟ್ಟ. ಅವನ ಕಂಕುಳಲ್ಲಿ ಹಳೇ ನ್ಯೂಸ್‌ಪೇಪರಿನಲ್ಲಿ ಸುತ್ತಿದ ಚೌಕನೆಯ ವಸ್ತುವೊಂದಿತ್ತು. ಸುತ್ತಿದ್ದರೇನು ಬಂತು, ಅದರ ಅಳತೆ ನೋಡಿಯೇ ಅಮೀನಾಗೆ ಅದೇನೆಂದು ತಿಳಿಯಿತು.

"ಅಮ್ಮಿ..." ಎಂದ ಸೇತುರಾಮ. ತನ್ನ ಗೆಳೆಯ, ಅವಳ ಮಗ ಮಂಜೂರ್ ಕರೆಯುತ್ತಿದ್ದ ಹಾಗೆಯೇ ಅವನೂ ಅವಳನ್ನು ಅಮ್ಮಿ ಎಂದೇ ಕರೆಯುತ್ತಿದ್ದದ್ದು.

ಅವತ್ತು ಮಂಜೂರನ ನಲವತ್ತನೆಯ ದಿನದ ಫಾತಿಹಾ, ಸತ್ತವನಿಗಾಗಿ ಓದಿಸುವ ಪ್ರಾರ್ಥನೆ. ಬೆಳಗಿನಿಂದ ಆರ್.ಟಿ. ನಗರದ ಆ ಪುಟ್ಟ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಾವಿನ ಮನೆಗೆ ಬರುವವರೆಲ್ಲ ಬುದ್ಧಿವಂತರೇ. ಒಬ್ಬರು ಎಲೆ ಔಷಧಿಯನ್ನು ಇನ್ನೂ ಮೊದಲೇ ಕೊಡಿಸಬೇಕಿತ್ತು ಎಂದರು. ಇನ್ನೊಬ್ಬರು ಎಲೆ ಔಷಧಿಯನ್ನೇ ಕೊಡಿಸಬಾರದಿತ್ತು ಎಂದರು. ಮಾಕಳಿ ಕಡೆಯ ಎಲೆ ಔಷಧಿಯೂ ಆಗಿತ್ತು, ದೊಡ್ಡಾಸ್ಪತ್ರೆಯೂ ಆಗಿತ್ತು, ಕಾಮಾಲೆ ಯಾವುದಕ್ಕೂ ಜಗ್ಗದೆ ಒಂದೇ ವಾರದಲ್ಲಿ ಬಿ.ಕಾಂ. ಓದುತ್ತಿದ್ದ ಹುಡುಗನನ್ನು ಎತ್ತಿಕೊಂಡು ಹೋಗಿತ್ತು. ಊಟ ಮುಗಿದು, ಬಾಡಿಗೆ ಪಾತ್ರೆಗಳು ವಾಪಸು ಹೋಗಿ, ಮಂಜೂರನ ಬಟ್ಟೆಬರೆಯ ಗಂಟು ಪದ್ಧತಿಯಂತೆ ಬಡವರ ಪಾಲಾಗಿ, ಗಂಡ ಖಾದರ್ ಬಾಷಾ ಸೈಕಲ್ ಹತ್ತಿ ಮಸೀದಿಗೆ ಹೋದಮೇಲೆ ಅಮೀನಾ ಒಬ್ಬಳೇ ನಡುಮನೆಯ ಚಾಪೆಯ ಮೇಲೆ ಕೂತಿದ್ದಳು. ಅಷ್ಟರಲ್ಲಿ ಸೇತುರಾಮ ಬಂದ. ಎಲ್ಲರೂ ಹೋಗಲಿ ಎಂದು ಕಾದೇ ಬಂದಿದ್ದ.

"ನಿಂತ್ಕೋಬೇಡ, ಬಾ" ಎಂದಳು. ದನಿ ಬಿರುಸಾಗಿಯೇ ಇತ್ತು. "ನಿಂದು ಹಾಡಿನ ಪ್ಲೇಟು ಅವನ ಕೋಣೇಲೇ ಇದೆ. ಅವನು ಇಟ್ಟ ಹಾಗೇ ಇದೆ. ತಗೊಂಡ್ಹೋಗು. ಕೊಟ್ಬಿಡು ಅಂತ ಮಸೀದಿಗೆ ಹೋಗೋವಾಗ ನಿಮ್ಮಂಕಲ್ಲೂ ಹೇಳಿ ಹೋದ್ರು."

"ನಾನು ಪ್ಲೇಟ್ ಕೇಳೋಕೆ ಬಂದಿಲ್ಲ ಅಮ್ಮಿ. ಇದನ್ನ ಕೊಡೋಕೆ ಬಂದೆ. ಇದು ಇನ್ಮೇಲೆ ಇಲ್ಲೇ ಇರ್ಲಿ."

ಅವನು ಪೇಪರು ಬಿಚ್ಚಿದ. ಒಳಗಿನಿಂದ ಪ್ಲೇಟಿನ ಕವರು, ಅದರ ಚಿತ್ರದಲ್ಲಿ ಅದೇ ಬಿಳಿ ಗಡ್ಡದ ಮುದುಕ ಹೊರಬಂದ. ಮೈತುಂಬ ಹಸಿರು ನಿಲುವಂಗಿ, ಕೈಯಲ್ಲಿ ದೊಣ್ಣೆ. ನಡುಹೊಳೆಯಲ್ಲಿ ಒಂದು ದೊಡ್ಡ ಮೀನಿನ ಬೆನ್ನ ಮೇಲೆ ಅವನು ನೆಟ್ಟಗೆ ನಿಂತಿದ್ದ. ದೂರದಲ್ಲಿ ಕರೀ ಗೋಪುರ, ಅದರ ತುದಿಯಲ್ಲಿ ಕೆಂಪು ಹಕ್ಕಿ. ಅಮೀನಾ ಅದನ್ನು ಮುಟ್ಟಲಿಲ್ಲ. ಸೆರಗನ್ನು ಬಾಯಿಗೊತ್ತಿಕೊಂಡು ಮುಖ ತಿರುಗಿಸಿದಳು.

ಆ ಮುದುಕನ ಕತೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು.

ಆ ಪ್ಲೇಟು ಇಂಗ್ಲಿಷ್ ಹಾಡುಗಳ ಒಂದು ದೊಡ್ಡ ರೆಕಾರ್ಡು. ಉದ್ದಗೂದಲಿನ ಐದು ಜನ ಸೇರಿ ಗಿಟಾರು, ಡ್ರಮ್ಮುಗಳನ್ನು ಬಡಿದು, ಮಂತ್ರವಾದಿ, ಗೋಪುರ, ಮಾಯದ ಹಕ್ಕಿ ಎಂದು ಇಡೀ ಒಂದು ಕತೆಯನ್ನೇ ಹಾಡಿದ್ದರು. ಅದು ಬಂದಾಗ ಮಂಜೂರ್ ಮತ್ತು ಸೇತುರಾಮ ಇನ್ನೂ ಪ್ರೈಮರಿ ಸ್ಕೂಲಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದವರು. ಅವರು ಕಾಲೇಜಿಗೆ ಬರುವ ಹೊತ್ತಿಗೆ ಊರಲ್ಲೆಲ್ಲ ಡಿಸ್ಕೋ ಕುಣಿತ, ಅಂಗಡಿಗಳಲ್ಲಿ ಕ್ಯಾಸೆಟ್ಟುಗಳ ಸಾಲು. ಆದರೂ ಕಾಲೇಜಿಗೆ ಹೊಸದಾಗಿ ಸೇರಿದ ಹುಡುಗರೆಲ್ಲ ಆ ಹಳೇ ರೆಕಾರ್ಡನ್ನು ಒಮ್ಮೆಯಾದರೂ ಕೇಳಲೇಬೇಕಿತ್ತು. ಅಣ್ಣನಿಂದ ತಮ್ಮನಿಗೆ, ಸೀನಿಯರಿನಿಂದ ಜೂನಿಯರಿಗೆ ಅದರ ಹುಚ್ಚು ದಾಟುತ್ತಲೇ ಇತ್ತು. ಸಾಮಾನು ಮಾರಿ ಊರು ಬಿಡುತ್ತಿದ್ದ ಒಬ್ಬರಿಂದ ಇವರಿಬ್ಬರೂ ಪಾಲು ಹಾಕಿ ಅದನ್ನು ಕೊಂಡರು. ಪಾಲು ಹಾಕಿದ ಮೇಲೆ ತಕರಾರು ಬರಬೇಕಲ್ಲ, ಬಂತು. ಅದು ಯಾರ ಮನೆಯಲ್ಲಿ ಇರಬೇಕು?

ಕೊನೆಗೆ ಮಂಜೂರನೇ ಒಂದು ಕಾನೂನು ಮಾಡಿದ. ಪ್ಲೇಟು ಒಂದು ಮನೆ, ಕವರು ಒಂದು ಮನೆ. ಒಂದು ವಾರ ಪ್ಲೇಟು ಆರ್.ಟಿ. ನಗರದಲ್ಲಿ, ಕವರು ಸಂಜಯನಗರದ ಸೇತುರಾಮನ ಮನೆಯಲ್ಲಿ. ಭಾನುವಾರ ಅದಲುಬದಲು. ಹಾಡಿನ ಮಾತುಗಳೆಲ್ಲ ಕವರಿನ ಒಳಮೈಯಲ್ಲಿ ಅಚ್ಚಾಗಿದ್ದವು. ಪ್ಲೇಟು ಇದ್ದವನು ಮಾತು ಪೂರ್ತಿ ತಿಳಿಯದೆ ಹಾಡು ಕೇಳುತ್ತಿದ್ದ, ಕವರು ಇದ್ದವನು ಹಾಡಿಲ್ಲದೆ ಮಾತು ಓದುತ್ತಿದ್ದ. ಪ್ಲೇಟು ಓಡಾಡಲೆಂದು ಅಮೀನಾ ಗಂಡನ ಹಳೇ ಲುಂಗಿಯಲ್ಲಿ ಒಂದು ಚೀಲ ಹೊಲಿದುಕೊಟ್ಟಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಮಗನ ಹುಚ್ಚಿಗೂ ಒಂದು ಅಂಗಿ ಹೊಲಿದ ಹಾಗೆ.

ಕವರು ಮೊದಲ ಸಲ ಮನೆಗೆ ಬಂದ ದಿನ ಅದನ್ನು ನೋಡಿ ಅಮೀನಾ ತಲೆಯ ಮೇಲೆ ಸೆರಗೆಳೆದುಕೊಂಡಿದ್ದಳು. ಚಿಕ್ಕಬಳ್ಳಾಪುರದಲ್ಲಿ ಅವಳ ಅಜ್ಜಿ, ನಾನಿಯ ಮನೆಯ ಗೋಡೆಯ ಪಟದಲ್ಲಿ ಇದ್ದದ್ದು ಇದೇ ಹಸಿರು ನಿಲುವಂಗಿ, ಇದೇ ಬಿಳಿ ಗಡ್ಡ, ಕಾಲಡಿಯಲ್ಲಿ ಇದೇ ಮೀನು. ಖಿಜರ್ ಹಜ್ರತ್! ಸಾವಿಲ್ಲದವರು, ನೀರಿದ್ದಲ್ಲಿ ಸುಳಿಯುವವರು, ದಾರಿ ತಪ್ಪಿದವರ ಕೈ ಹಿಡಿದು ದಡ ಸೇರಿಸುವವರು. ಹಾಡಿನ ಹುಡುಗರು ಎಂಥವರೇ ಇರಲಿ, ಅವರ ರೆಕಾರ್ಡಿನ ಮೇಲೆ ಹಜ್ರತರು ಬಂದು ನಿಂತಿದ್ದಾರೆಂದರೆ ಸುಮ್ಮನೆ ಅಲ್ಲ ಎಂದುಕೊಂಡಳು. ಅಂದಿನಿಂದ ಕವರು ಬಂದ ವಾರವೆಲ್ಲ ಅದಕ್ಕೆ ಅಲ್ಮೇರಾದ ಮೇಲೆ ಹಸಿರು ಬಟ್ಟೆಯ ಹಾಸು, ಗುರುವಾರ ಲೋಬಾನದ ಹೊಗೆ. "ತಸ್ವೀರು ಇರೋ ಮನೆಗೆ ಫರಿಶ್ತೆಗಳು ಬರಲ್ಲ ಕಣೇ" ಎಂದು, ಪಟವಿದ್ದಲ್ಲಿ ದೇವದೂತರು ಕಾಲಿಡುವುದಿಲ್ಲವೆಂದು ನಂಬಿದ್ದ ಖಾದರ್ ಬಾಷಾ ಗೊಣಗುತ್ತಿದ್ದ. "ಹಜ್ರತರೇ ಬಂದಿರೋವಾಗ ಫರಿಶ್ತೆಗಳು ಯಾಕೆ?" ಎಂದು ಇವಳು ಬಾಯಿ ಮುಚ್ಚಿಸುತ್ತಿದ್ದಳು. ಮಂಜೂರ್ ಇಬ್ಬರ ನಡುವೆ ತಲೆ ಹಾಕದೆ ನಗುತ್ತಿದ್ದ.

"ಈಗ ಯಾಕೆ ತಂದೆ?" ಅಮೀನಾ ಮತ್ತೆ ಕೇಳಿದಳು. "ಬೇಕಾದಾಗ ನಿಮ್ಮನೇಲಿತ್ತು. ಇನ್ನು ಇದನ್ನ ಇಟ್ಕೊಂಡು ಏನ್ ಮಾಡ್ಲಿ ನಾನು?"

ಸೇತುರಾಮನಿಗೆ ಅರ್ಥವಾಗಲಿಲ್ಲ. ಚಾಪೆಯ ಅಂಚಿನಲ್ಲಿ ಕೂತು ಅವಳ ಮುಖವನ್ನೇ ನೋಡಿದ.

ಆಗ ಅವಳು ಇಷ್ಟು ದಿನ ಬಚ್ಚಿಟ್ಟಿದ್ದ ಮಾತನ್ನು ಆಡಿಯೇಬಿಟ್ಟಳು. ಗಂಡನ ಮುಂದೆ ಆಡಿರಲಿಲ್ಲ, ಒಡಹುಟ್ಟಿದವರ ಮುಂದೆ ಆಡಿರಲಿಲ್ಲ. "ಆ ಭಾನುವಾರ ನೀನು ಬಂದಾಗ ಅವನು ಮಲಗಿದ್ದ. ಮೈ ಕೈ ನೋವು ಅಂತಿದ್ದ. ಅವನ್ನ ಎಬ್ಬಿಸೋದು ಬೇಡ ಅಂತ ನಾನೇ ಅಲ್ಮೇರಾ ಮೇಲಿಂದ ಇಳಿಸಿ ನಿನ್ನ ಕೈಗೆ ಕೊಟ್ಟೆ. ನನ್ನ ಕೈಯಾರೆ ಹಜ್ರತರನ್ನ ಮನೆಯಿಂದ ಆಚೆ ಕಳಿಸ್ದೆ ಕಣೋ! ಮಾರನೇ ದಿನವೇ ಅವನ ಕಣ್ಣು ಹಳದಿ ಆಯ್ತು. ಯಾರನ್ನಾದ್ರೂ ಕಳಿಸಿ ಅದನ್ನ ತರಿಸಿ ಅಂತ ನಿಮ್ಮಂಕಲ್ ಕಾಲು ಹಿಡಿದೆ. ಹುಡುಗ ಆಸ್ಪತ್ರೇಲಿದಾನೆ, ನಿಂಗೆ ಪಟದ ಹುಚ್ಚಾ ಅಂತ ಬೈದ್ರು. ನಾನೇ ಎದ್ದು ಬರಬಹುದಿತ್ತು. ಸಂಜಯನಗರ ಏನ್ ದೂರ? ನಾನ್ಯಾಕೆ ಬರಲಿಲ್ಲ?"

ಅವಳು ಎದೆ ಬಡಿದುಕೊಳ್ಳಲಿಲ್ಲ, ಗೋಳಾಡಲಿಲ್ಲ. ಲೆಕ್ಕ ತಪ್ಪಿದವಳಂತೆ ಅದನ್ನೇ ಎರಡು ಸಲ ಕೇಳಿದಳು. ನಾನ್ಯಾಕೆ ಬರಲಿಲ್ಲ? ಮಗ ಸತ್ತದ್ದು ಕಾಮಾಲೆಯಿಂದ ಎಂದು ಜಗತ್ತೆಲ್ಲ ಹೇಳಿದರೂ ಅವಳ ಮಟ್ಟಿಗೆ ಅವನನ್ನು ಕೊಂದದ್ದು ಗೇಟಿನ ಮೇಲಿಂದ ಕವರು ದಾಟಿಸಿದ ಅವಳದೇ ಎರಡು ಕೈಗಳು.

ಸೇತುರಾಮ ಬಿಳಿಚಿಹೋದ. ಏನೋ ಹೇಳಲೋ ಬೇಡವೋ ಎಂದು ಹುಡುಗ ಒಳಗೇ ಒದ್ದಾಡುವುದು ಅಮೀನಾಗೆ ಕಂಡಿತು. ಮಕ್ಕಳ ಮುಖ ಓದಲು ತಾಯಂದಿರಿಗೆ ಯಾರೂ ಕಲಿಸಿಕೊಡಬೇಕಿಲ್ಲ.

"ಏನು? ಏನೋ ಇದೆ. ಹೇಳು."

"ಏನಿಲ್ಲ ಅಮ್ಮಿ."

"ನಿಮ್ಮಮ್ಮನ ಆಣೆ, ಸೇತು. ಗೋದಮ್ಮನ ಮೇಲೆ ಆಣೆ. ಹೇಳು."

ಅವನು ಕವರನ್ನು ತೊಡೆಯ ಮೇಲಿಟ್ಟುಕೊಂಡು ಮುದುಕನ ಮೇಲೆ ಬೆರಳಿಟ್ಟ. "ನಮ್ಮಜ್ಜಿ ಇವರನ್ನ ಸತ್ಯವ್ರತ ಮಹಾರಾಜ ಅಂತಾಳೆ" ಎಂದ. "ಪ್ರಳಯ ಬಂದಾಗ ಮೀನಾಗಿ ಬಂದ ನಾರಾಯಣ ಕಾಪಾಡಿದ್ನಲ್ಲ, ಆ ರಾಜ. ಕವರು ನಮ್ಮನೇಲಿದ್ದ ವಾರ ಮೀನಿನ ತಲೆ ಮೇಲೆ ಒಂದು ದಳ ತುಳಸಿ ಇಡ್ತಾಳೆ. ಮಂಜೂರ್‌ಗೆ ಹೇಳಿದ್ದೆ. ಬಿದ್ದು ಬಿದ್ದು ನಕ್ಕಿದ್ದ."

"ಯಾಕೆ ನಕ್ಕ?"

"ಯಾಕಂದ್ರೆ..." ಸೇತುರಾಮ ಕವರನ್ನು ಅವಳ ಕಡೆ ತಿರುಗಿಸಿದ. "ಇಬ್ರೂ ಅಲ್ಲ ಅಮ್ಮಿ. ಇವರು ಖಿಜರ್ ಹಜ್ರತರೂ ಅಲ್ಲ, ಸತ್ಯವ್ರತನೂ ಅಲ್ಲ. ಒಬ್ಬ ಮಾಂತ್ರಿಕ, ಅಷ್ಟೆ. ಆ ಬ್ಯಾಂಡಿನೋರು ಕಟ್ಟಿದ ಕತೇಲಿ ಬರೋನು. ಅವರೇ ಹುಟ್ಟಿಸಿದ ಮುದುಕ."

ಹೊರಗೆ ಬೀದಿಯಲ್ಲಿ ಯಾರೋ ಹಿತ್ತಾಳೆ ಬಿಂದಿಗೆ ಇಳಿಸಿದ ಸದ್ದಾಯಿತು. ಅಮೀನಾಗೆ ಮೊದಲು ಬಂದದ್ದು ಸಿಟ್ಟು. "ಹಾಗಾದ್ರೆ ನನ್ಮಗ ನನಗೆ ಸುಳ್ಳು ಹೇಳಿದ್ನಾ? ಒಬ್ಬ ಜಾದೂಗಾರನಿಗೆ ನಾನು ಲೋಬಾನ ಹಾಕೋದನ್ನ ನೋಡ್ಕೊಂಡು ನಗ್ತಿದ್ನಾ?"

"ನಗೋಕಲ್ಲ ಅಮ್ಮಿ! ಹೇಳ್ಬೇಕು ಅಂತಲೇ ಇದ್ದ. ಆಮೇಲೆ ಒಂದಿನ ನಂಗಂದ, ಬೇಡ ಬಿಡು ಮಚ್ಚಾ, ಅದನ್ನ ನೋಡುವಾಗ ಅಮ್ಮಿ ಮುಖ ಎಷ್ಟು ನೆಮ್ಮದಿಯಾಗಿರುತ್ತೆ ಗೊತ್ತಾ, ಅಂತ. ಅದಕ್ಕೇ ಸುಮ್ಮನಿದ್ದ. ನಾನೂ ಹೇಳ್ತಿರಲಿಲ್ಲ. ಆದ್ರೆ ನೀವು ಹಿಂಗೆ ನಿಮ್ಮನ್ನೇ ತಿಂದ್ಕೊಳ್ತಾ ಇದ್ರೆ..."

"ಹಾಗಾದ್ರೆ," ಅವಳು ಒಂದೊಂದೇ ಮಾತನ್ನು ತಡವರಿಸಿ ಹುಡುಕಿದಳು, "ಆ ವಾರ ಇದು ಇಲ್ಲೇ ಇದ್ದಿದ್ರೂ..."

"ಇದ್ದಿದ್ರೂ ಏನೂ ಆಗ್ತಿರ್ಲಿಲ್ಲ ಅಮ್ಮಿ."

ಆಗ ಅವಳಿಗೆ ಅಳು ಬಂತು. ಜನರ ಮುಂದೆ ಅತ್ತದ್ದು ಬೇರೆ, ಇದು ಬೇರೆ. ಇಷ್ಟು ದಿನ ಕತ್ತಿಗೆ ಕಟ್ಟಿಕೊಂಡಿದ್ದ ಗುಂಡುಕಲ್ಲು ಕಳಚಿ ಬಿದ್ದಿತ್ತು. ಆದರೆ ಆ ಕಲ್ಲೇ ಇಷ್ಟು ದಿನ ಅವಳಿಗೆ ಜೊತೆಯಾಗಿತ್ತು. ತಪ್ಪು ತನ್ನದು ಎನ್ನುವವರೆಗೆ ಸರಿಮಾಡಬಹುದಾಗಿದ್ದದ್ದು ಒಂದಾದರೂ ಇತ್ತು. ಈಗ ಅದೂ ಇಲ್ಲ. ಈಗ ಮಗನಿಲ್ಲ, ಅಷ್ಟೇ. ಸೇತುರಾಮ ಎದ್ದು ಅಡುಗೆಮನೆಯಿಂದ ನೀರು ತಂದುಕೊಟ್ಟ. ಲೋಟ ಎಲ್ಲಿರುತ್ತದೆಂದು ಅವನಿಗೆ ಗೊತ್ತಿತ್ತು. ಅವಳು ಕುಡಿದು ಮುಖ ಒರೆಸಿಕೊಂಡಳು.

"ಆ ಮುದುಕ ಏನ್ ಮಾಡ್ತಾನೆ?" ಎಂದಳು.

"ಯಾರು?"

"ಇವನೇ. ಈ ಮಾಂತ್ರಿಕ. ನನ್ಮಗ ಹಗಲು ಇರುಳು ಇವನ ಕತೆ ಕೇಳಿದ್ನಲ್ಲ. ಏನದು?"

ಸೇತುರಾಮ ಕವರು ಬಿಡಿಸಲಿಲ್ಲ, ಅವನಿಗೆ ಎಲ್ಲ ಬಾಯಿಪಾಠ. "ಗೋಪುರದ ಮೇಲಿನ ಈ ಕೆಂಪು ಹಕ್ಕಿ ಇಡೀ ಊರಿನ ಹೊಳೇನೇ ಕುಡಿದುಬಿಡುತ್ತೆ ಅಮ್ಮಿ. ಹೊಳೇಲಿ ಒಂದೇ ಒಂದು ಮೀನು ಉಳಿದಿರುತ್ತೆ. ಅದರ ಮೇಲೆ ಹತ್ತಿಕೊಂಡು ಈ ಮುದುಕ ನೀರು ವಾಪಸ್ ತರೋಕೆ ಹೊರಡ್ತಾನೆ. ಒಂದೊಂದು ಹಾಡಲ್ಲಿ ಒಂದೊಂದು ಮಂತ್ರ ಹಾಕ್ತಾನೆ. ಒಂದೂ ನಡೆಯಲ್ಲ."

"ಒಂದೂ ಇಲ್ವಾ?"

"ಒಂದೂ ಇಲ್ಲ."

"ಮತ್ತೆ ಇವನೆಂಥ ಮಾಂತ್ರಿಕ?" ಅಮೀನಾಗೆ ಅಳುವಿನ ನಡುವೆಯೂ ಕೋಪ ಬಂತು. ಕೋಪವೋ, ಕನಿಕರವೋ. "ಕೈಲಾಗದ ಮೇಲೆ ಮನೇಲಿ ಕೂರಬಾರದಾ?"

"ಮಂಜೂರ್‌ಗೆ ಅದೇ ಇಷ್ಟ ಆಗಿದ್ದು. ಗೆಲ್ಲೋ ಮಾಂತ್ರಿಕರ ಕತೆ ಚಂದಮಾಮದಲ್ಲೇ ಬೇಕಾದಷ್ಟು ಬರುತ್ತೆ ಗುರು, ಸೋತರೂ ಮತ್ತೆ ಮತ್ತೆ ಎದ್ದು ಹೋಗೋನು ಇವನೊಬ್ಬನೇ ಅಂತಿದ್ದ. ನೂರು ಸಲ ಕೇಳಿದ್ರೂ ಈ ಸಲ ಮಂತ್ರ ನಡೆದೇಬಿಡುತ್ತೇನೋ ಅನ್ಸುತ್ತೆ ಅಮ್ಮಿ. ನಡೆಯಲ್ಲ ಅಂತ ಗೊತ್ತಿದ್ರೂ ಅನ್ಸುತ್ತೆ."

ಅಮೀನಾ ಈಗ ಕವರನ್ನು ಕೈಗೆ ತೆಗೆದುಕೊಂಡಳು. ಹತ್ತಿರದಿಂದ ನೋಡಿದರೆ ಮುದುಕನ ಕಣ್ಣುಗಳು ನಾನಿಯ ಮನೆಯ ಪಟದ ಕಣ್ಣುಗಳಂತೆ ಇರಲಿಲ್ಲ. ಅವು ದಣಿದಿದ್ದವು. ಎರಡು ವರ್ಷ ಧೂಪ ಹಾಕಿಯೂ ಅವಳು ಅದನ್ನು ಗಮನಿಸಿರಲಿಲ್ಲ. "ಪಾಪ" ಎಂದಳು. ಆಮೇಲೆ, "ಹಾಕು ಆ ಪ್ಲೇಟನ್ನ" ಎಂದಳು.

"ಇವತ್ತಾ?" ಸೇತುರಾಮ ಬಾಗಿಲ ಕಡೆ ನೋಡಿದ. "ಅಕ್ಕಪಕ್ಕದೋರು ಏನಂದ್ಕೋತಾರೆ ಅಮ್ಮಿ? ಫಾತಿಹಾ ದಿನ ಮನೇಲಿ ಹಾಡು ಅಂತ..."

"ಅಂದ್ಕೊಳ್ಳಲಿ. ಊರ ಬಾಯಿಗೆ ಬೀಗ ಹಾಕೋಕಾಗುತ್ತಾ? ನನ್ಮಗ ಏನು ಕೇಳ್ತಿದ್ದ ಅಂತ ನಂಗೆ ಗೊತ್ತಾಗ್ಬೇಕು."

ಮಂಜೂರನ ಕೋಣೆಯೆಂದರೆ ಅಡುಗೆಮನೆಗೆ ಒತ್ತಿಕೊಂಡ ಒಂದು ಗೂಡು. ಮಂಚ, ಪುಸ್ತಕದ ಶೆಲ್ಫು, ಖಾದರ್ ಬಾಷಾ ಕವ್ವಾಲಿ ಕೇಳಲೆಂದು ಯಾವಾಗಲೋ ತಂದು ಮಗನಿಗೆ ಸೋತುಕೊಟ್ಟ ರೆಕಾರ್ಡ್ ಪ್ಲೇಯರ್. ಅದರ ಮುಚ್ಚಳದ ಧೂಳನ್ನು ಅಮೀನಾ ದಿನಾ ಒರೆಸುತ್ತಿದ್ದಳು, ಎತ್ತಿರಲಿಲ್ಲ. ಸೇತುರಾಮ ಎತ್ತಿದ. ಕಪ್ಪು ಪ್ಲೇಟು ಅಲ್ಲೇ ಇತ್ತು. ಅವನು ಅದನ್ನು ಅಂಗೈಗಳ ನಡುವೆ ಹಿಡಿದು, ಬೆಳಕಿಗೆ ವಾಲಿಸಿ ನೋಡಿ, ಮತ್ತೆ ಇಟ್ಟು ಮುಳ್ಳು ಇಳಿಸಿದ. ಅಮೀನಾ ಮಂಚದ ಮೇಲೆ ಕೂತಳು.

ಇಂಗ್ಲಿಷು ಅವಳಿಗೆ ಬಾರದು. ಆದರೆ ಮೊದಲ ಹಾಡು ಎದ್ದ ಕ್ಷಣವೇ ಅವಳು ಬೆಚ್ಚಿ ನೆಟ್ಟಗಾದಳು. ಇದು ಅವಳಿಗೆ ಗೊತ್ತು! ಎರಡು ವರ್ಷ ಈ ಸದ್ದು ಅಡುಗೆಮನೆಯ ಗೋಡೆ ತೂರಿ ಬಂದಿತ್ತು. ದನಿ ಬರುತ್ತಿರಲಿಲ್ಲ, ಗಿಟಾರು ಬರುತ್ತಿರಲಿಲ್ಲ, ಬರೀ ಕೆಳಗಿನ ಧಂ ಧಂ ಮಾತ್ರ. "ಇದು ಸ್ಟ್ಯಾಂಡಿನ ತಟ್ಟೆ ಅಲ್ಲಾಡಿಸೋ ಹಾಡು" ಎಂದಳು ಎರಡನೆಯದಕ್ಕೆ. ಮೂರನೆಯದಕ್ಕೆ, "ಇದು ಬಂದಾಗ ನಾನು ಚಪಾತಿ ಲಟ್ಟಿಸ್ತಿದ್ದೆ, ಕೈ ತಾನಾಗೇ ಜೋರಾಗೋದು." ಸೇತುರಾಮ ಒಂದೊಂದು ಹಾಡಿಗೂ ಮುದುಕ ಎಲ್ಲಿದ್ದಾನೆಂದು ಹೇಳುತ್ತಿದ್ದ. ಈಗ ಗಾಳಿಯ ಮಂತ್ರ. ನಡೆಯಲಿಲ್ಲ. ಈಗ ಬೆಂಕಿಯ ಮಂತ್ರ. ಅದೂ ಇಲ್ಲ. ಪ್ರತಿ ಸಲವೂ ಅಮೀನಾ ತನಗರಿವಿಲ್ಲದೆ ಬಿಗಿಹಿಡಿದ ಉಸಿರನ್ನು ಬಿಡುತ್ತಿದ್ದಳು. ಅವನು ಪ್ಲೇಟನ್ನು ಮಗುಚಿ ಹಾಕಿದ. ಎದುರು ಮನೆಯ ಕಿಟಕಿಯೊಂದು ತೆರೆದು, ಸ್ವಲ್ಪ ಹೊತ್ತು ಹಾಗೇ ಇದ್ದು, ಮುಚ್ಚಿಕೊಂಡಿತು.

ಮಸೀದಿಯಿಂದ ಸಂಜೆಯ ನಮಾಜಿಗೆ ಕರೆಯುವ ಬಾಂಗ್ ಕೇಳಿಸಿತು. ಸೇತುರಾಮ ಅಭ್ಯಾಸಬಲದಿಂದ ಮುಳ್ಳು ಎತ್ತಿದ. ಅಮೀನಾ ಎದ್ದು, ಕೈಕಾಲು ತೊಳೆದು, ನಡುಮನೆಯಲ್ಲಿ ನಮಾಜಿಗೆ ನಿಂತಳು. ಇಷ್ಟು ದಿನ ದುಆ ಎಂದು ಕೈ ಎತ್ತಿದರೆ ಬಾಯಲ್ಲಿ ಬರುತ್ತಿದ್ದದ್ದು ಕ್ಷಮಿಸು, ಕ್ಷಮಿಸು ಎಂಬ ಒಂದೇ ಮಾತು. ಇವತ್ತು ಮಗನ ಹೆಸರು ಬಂತು. ಅಷ್ಟನ್ನೇ ಹೇಳಿ ಮುಖಕ್ಕೆ ಕೈ ಸವರಿಕೊಂಡಳು.

ಅವಳು ಬಿಳಿ ದುಪಟ್ಟಾದಲ್ಲೇ ಕೋಣೆಗೆ ಬಂದಾಗ ಸೇತುರಾಮ ಮುಳ್ಳಿನ ಬಳಿ ಕೈಯಿಟ್ಟುಕೊಂಡು ಕಾಯುತ್ತಿದ್ದ.

"ಮುಗೀತಲ್ಲಪ್ಪ" ಎಂದಳು. "ಚೀಲಕ್ಕೆ ಹಾಕ್ಕೋ. ಎರಡೂ ನೀನೇ ಇಟ್ಕೋ."

"ಇಲ್ಲ ಅಮ್ಮಿ, ಇನ್ನೂ ಒಂದಿದೆ."

"ಇಲ್ಲ. ಅಷ್ಟಕ್ಕೇ ಮುಗಿಯೋದು. ಅವನು ಕಾಲೇಜಿಂದ ಬಂದು ಹಾಕೋನು, ಬಾಂಗ್ ಹೊತ್ತಿಗೆ ಸರಿಯಾಗಿ ಮುಗಿಯೋದು. ನಂಗೊತ್ತಿಲ್ವಾ?"

"ಮುಗೀತಿರಲಿಲ್ಲ. ಅವನು ನಿಲ್ಲಿಸ್ತಿದ್ದ" ಎಂದ ಸೇತುರಾಮ ಮೆಲ್ಲಗೆ. "ಅಷ್ಟು ಹೊತ್ತಿಗೆ ಅಂಕಲ್ ಬಂದ್ಬಿಡೋರು, ಮತ್ತೆ ಹಾಕೋಕಾಗ್ತಿರಲಿಲ್ಲ. ಕೊನೇದನ್ನ ಕೇಳೋಕೆ ನಮ್ಮನೆಗೇ ಬರ್ತಿದ್ದ."

ಅಮೀನಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಬಟ್ಟೆ ಹೋಯಿತು, ಪುಸ್ತಕಗಳು ಯಾರಿಗೋ ಹೋಗುತ್ತವೆ, ಮಗನದೆಂಬುದು ಎಲ್ಲ ಮುಗಿಯಿತು ಎಂದುಕೊಂಡಿದ್ದವಳಿಗೆ, ಅವನದು ಇನ್ನೂ ಒಂದು ಬಾಕಿ ಇದೆ ಎಂದು ಈ ಹುಡುಗ ಹೇಳುತ್ತಿದ್ದಾನೆ.

"ಅದರಲ್ಲಿ ಏನಂತಾನೆ ಮುದುಕ?"

"ಏನೂ ಅನ್ನಲ್ಲ. ಅದಕ್ಕೆ ಮಾತೇ ಇಲ್ಲ ಅಮ್ಮಿ. ಬರೀ ಗಿಟಾರು."

"ಹಾಕು."

ಮುಳ್ಳು ಇಳಿಯಿತು. ಸ್ವಲ್ಪ ಹೊತ್ತು ಬರೀ ಸರಸರ, ಆಮೇಲೆ ಎಲ್ಲೋ ದೂರದಿಂದ ಒಂದೇ ಒಂದು ತಂತಿ. ಇದು ಗೋಡೆ ತೂರಿ ಎಂದೂ ಬಂದಿರಲಿಲ್ಲ. ಅಮೀನಾ ಕೂರಲಿಲ್ಲ. ಕಿಟಕಿಯ ಬಳಿ ಹೋಗಿ ನಿಂತಳು. ಗೇಟಿನ ಹತ್ತಿರ ಮಸೀದಿಯಿಂದ ಬಂದ ಖಾದರ್ ಬಾಷಾ ಕಂಡ. ಅವನು ಗೇಟು ತೆಗೆದಿರಲಿಲ್ಲ, ಸೈಕಲ್ಲಿಗೆ ಸ್ಟ್ಯಾಂಡೂ ಹಾಕಿರಲಿಲ್ಲ. ಹ್ಯಾಂಡಲನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ, ಕಿವಿಯನ್ನು ಮನೆಯ ಕಡೆಗಿಟ್ಟು ನಿಂತಿದ್ದ.

ಅವಳು ಅವನನ್ನು ಕರೆಯಲಿಲ್ಲ.

"ಸ್ವಲ್ಪ ಜೋರು ಮಾಡು ಬೇಟಾ" ಎಂದಳು.